ಅಂಕಕ್ಕೂ ಪಾಠಾಂತರವುಂಟು

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸರು ಒಂದೇ ಓಲೆಪ್ರತಿಯನ್ನು ನಂಬಿ ಪಾಠವನ್ನು ನಿರ್ಣಯಿಸುವುದಿಲ್ಲ. ದೊರೆತ ಪ್ರತಿಗಳನ್ನೆಲ್ಲ ಹೋಲಿಸಿ, ಭಿನ್ನಪಾಠಗಳನ್ನು ಅಡಿಯಲ್ಲಿ ಗುರುತಿಸಿ, ಯಾವ ಪ್ರತಿ ಯಾವುದರಿಂದ ಇಳಿದುಬಂದಿರಬಹುದೆಂದು ವಿವೇಚಿಸಿದ ಬಳಿಕವೇ ತೀರ್ಮಾನಕ್ಕೆ ಬರುತ್ತಾರೆ. ಲಿಪಿಕಾರನ ಕೈತಪ್ಪು ಸಹಜವೆಂಬ ಅರಿವೇ ಗ್ರಂಥಸಂಪಾದನೆಯ ತಳಹದಿ. ಅದೇ ವಿದ್ವಾಂಸರು ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತು ಉತ್ತರಪತ್ರಿಕೆಯೊಂದಕ್ಕೆ ನೀಡಿದ ಅಂಕವಾದರೋ, ಪಾಠಾಂತರವೇ ಇಲ್ಲದ ಶುದ್ಧಪಾಠದಂತೆ ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆ. ಯುಜಿಸಿಯ ನೆಟ್ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55, ಮೀಸಲು ವರ್ಗಗಳಿಗೆ ಶೇ. 50 ಅಂಕಗಳು ಅಗತ್ಯ. ಈ ಗೆರೆಯ ಆಚೀಚೆ ನಿಂತ ವಿದ್ಯಾರ್ಥಿಗೆ ಒಂದೆರಡು ಅಂಕಗಳು ಅಧ್ಯಾಪಕ ವೃತ್ತಿಯ ಬಾಗಿಲನ್ನು ತೆರೆಯಲೂಬಲ್ಲವು, ಮುಚ್ಚಲೂಬಲ್ಲವು. ಇಷ್ಟು ಭಾರವಾದ ನಿರ್ಣಯವು ಎಷ್ಟರಮಟ್ಟಿಗೆ ಸ್ಥಿರವಾದುದೆಂಬುದನ್ನು ಕನ್ನಡ ವಿಭಾಗಗಳು ಪರೀಕ್ಷಿಸಿಕೊಳ್ಳಬೇಕಾಗಿದೆ.

ಪ್ರಶ್ನೆ ಹೊಸದೇನಲ್ಲ. ಅರ್ಥಶಾಸ್ತ್ರಜ್ಞ ಎಜ್‌ವರ್ತ್ 1888ರಲ್ಲಿಯೇ ಪರೀಕ್ಷೆಯ ಅಂಕಗಳನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ವಿವೇಚಿಸಿದ್ದನು. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ವಿದ್ವಾಂಸರು ಇಂಗ್ಲಿಷ್ ವಿಷಯದ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ಅನೇಕ ಶಾಲೆಗಳ ಅಧ್ಯಾಪಕರಿಗೆ ಕಳುಹಿಸಿದಾಗ ನೂರಕ್ಕೆ 64ರಿಂದ 98ರವರೆಗೆ ಅಂಕಗಳು ಬಂದವು. ಸಾಹಿತ್ಯದಲ್ಲಿ ಹೀಗಾಗುವುದು ಸಹಜ, ಗಣಿತದಲ್ಲಿ ಆಗದು ಎಂಬ ಆಕ್ಷೇಪ ಆಗಲೂ ಎದ್ದಿತು. ಮರುವರ್ಷ ಅವರು ರೇಖಾಗಣಿತದ ಉತ್ತರಪತ್ರಿಕೆಯೊಂದನ್ನು ಹಾಗೆಯೇ ಕಳುಹಿಸಿದರು. ಅಂಕಗಳು 28ರಿಂದ 95ರವರೆಗೆ ಹರಡಿದವು.

ಇದಕ್ಕಿಂತಲೂ ಕಳವಳಕಾರಿಯಾದುದು 1935ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಹಾರ್ಟಾಗ್ ಮತ್ತು ರೋಡ್ಸ್ ಅವರ ಪ್ರಯೋಗ. ಫಿಲಿಪ್ ಹಾರ್ಟಾಗ್ ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದವರು. ಭಾರತದ ಪರೀಕ್ಷಾ ಪದ್ಧತಿಯನ್ನು ಒಳಗಿನಿಂದ ಬಲ್ಲವರು. ಮೊದಲೊಮ್ಮೆ ಒಂದೇ ಅಂಕ ಪಡೆದಿದ್ದ ಇತಿಹಾಸದ 15 ಉತ್ತರಪತ್ರಿಕೆಗಳನ್ನು 14 ಪರೀಕ್ಷಕರು ಓದಿ, 12ರಿಂದ 19 ತಿಂಗಳುಗಳ ಅನಂತರ ಅವನ್ನೇ ಮರಳಿ ಓದಿದರು. ತೇರ್ಗಡೆಯೋ ಅಲ್ಲವೋ, ತೇರ್ಗಡೆಯಾದರೆ ಮೇಲ್ದರ್ಜೆಯೋ ಎಂಬ 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಇಲ್ಲಿ ಭಿನ್ನಾಭಿಪ್ರಾಯವಿದ್ದುದು ಇಬ್ಬರು ಪರೀಕ್ಷಕರ ನಡುವೆ ಅಲ್ಲ. ಒಬ್ಬನೇ ಪರೀಕ್ಷಕನ ಎರಡು ಓದುಗಳ ನಡುವೆ.

ಕನ್ನಡ ವಿಭಾಗಗಳಲ್ಲಿ ಅಂಕಗಳ ದತ್ತಾಂಶಕ್ಕೆ ಬರವಿಲ್ಲ. ಆದರೆ ಅಂಕಗಳನ್ನು ಕಲೆಹಾಕಿದ ಮಾತ್ರಕ್ಕೆ ಪರಿಹಾರ ದೊರೆಯದು. ಒಂದು ಬಂಡಲಿನ ಸರಾಸರಿ 48, ಇನ್ನೊಂದರದು 57 ಎಂದಿರಲಿ. ಮೊದಲನೆಯ ಮೌಲ್ಯಮಾಪಕರ ಕೈ ಬಿಗಿಯೋ, ಆ ಕಾಲೇಜಿನ ಉತ್ತರಗಳೇ ದುರ್ಬಲವೋ ಎಂಬುದನ್ನು ಈ ಎರಡು ಸಂಖ್ಯೆಗಳು ಹೇಳಲಾರವು. ಹೇಳಬೇಕಾದರೆ ಪ್ರಯೋಗವೊಂದು ಬೇಕು. ಉತ್ತರಪತ್ರಿಕೆಗಳನ್ನು ಕಾಲೇಜುವಾರು ಕೊಡದೆ ಚೀಟಿ ಎತ್ತಿದಂತೆ ಕಲಸಿ ಹಂಚಿದರೆ ಬಂಡಲುಗಳ ಸತ್ವವು ಹೆಚ್ಚುಕಡಿಮೆ ಸಮನಾಗುತ್ತದೆ. ಆಮೇಲೆ ಉಳಿಯುವ ದೊಡ್ಡ ಅಂತರಕ್ಕೆ ಮೌಲ್ಯಮಾಪಕರ ಕೈಯೇ ಮುಖ್ಯ ಕಾರಣವೆನ್ನಬಹುದು. ಇನ್ನೂ ನೇರವಾದ ದಾರಿಯೆಂದರೆ ನಾಲ್ಕೈದು ಉತ್ತರಪತ್ರಿಕೆಗಳ ನೆರಳಚ್ಚು ಪ್ರತಿಗಳನ್ನು ಎಲ್ಲ ಬಂಡಲುಗಳಲ್ಲಿಯೂ ಸೇರಿಸುವುದು. ಗಣಕದ ತೆರೆಯ ಮೇಲೆ ಮೌಲ್ಯಮಾಪನ ನಡೆಯುವಲ್ಲಿ ನೆರಳಚ್ಚಿನ ತೊಂದರೆಯೂ ಇಲ್ಲ.

ಸ್ನಾತಕೋತ್ತರ ಹಂತದಲ್ಲಿ ದ್ವಿಮೌಲ್ಯಮಾಪನವಿದೆ, ವ್ಯತ್ಯಾಸ ಮಿತಿಮೀರಿದರೆ ಮೂರನೆಯವರಿಗೆ ಹೋಗುತ್ತದೆ, ಮತ್ತೇನು ಬೇಕು ಎಂದು ಕೇಳುವವರುಂಟು. ಆ ಮಿತಿ ಎಲ್ಲಿಂದ ಬಂದುದು? ಯಾವುದೇ ಅಂಕದಲ್ಲಿ ಮೂರು ಅಂಶಗಳಿವೆಯೆಂದು ಭಾವಿಸಬಹುದು: ಉತ್ತರದ ಸತ್ವ, ಮೌಲ್ಯಮಾಪಕರ ರೂಢಿಯ ಬಿಗಿ ಅಥವಾ ಸಡಿಲ, ಮತ್ತು ಆ ಗಳಿಗೆಯ ಆಕಸ್ಮಿಕ. ಇದೊಂದು ಸರಳ ಮಾದರಿ. ಇಬ್ಬರ ಕೈಯೂ ಸಮನಾಗಿದ್ದು, ಆಕಸ್ಮಿಕದ ಮಾನಕ ವಿಚಲನೆ ನೂರಕ್ಕೆ 6 ಅಂಕಗಳೆಂದೂ ಮಿತಿ 15 ಎಂದೂ ಕಲ್ಪಿಸಿಕೊಂಡರೆ, ಯಾರ ತಪ್ಪೂ ಇಲ್ಲದೆ ನೂರಕ್ಕೆ ಏಳೆಂಟು ಉತ್ತರಪತ್ರಿಕೆಗಳು ಮೂರನೆಯವರ ಬಳಿಗೆ ಹೋಗುತ್ತವೆ. ವಿಚಲನೆ 3 ಎಂದಾದರೆ ಹತ್ತು ಸಾವಿರದಲ್ಲಿ ನಾಲ್ಕೂ ಹೋಗುವುದು ಸಂಶಯ. ವಿಚಲನೆಯನ್ನೇ ಅಳೆಯದೆ ಮಿತಿಯನ್ನು ಗೊತ್ತುಪಡಿಸುವುದು ಗದ್ದೆಯನ್ನು ನೋಡದೆ ಬೀಜದ ಲೆಕ್ಕ ಹಾಕಿದಂತೆ. ಇಬ್ಬರ ಸರಾಸರಿಯಿಂದ ಆಕಸ್ಮಿಕದ ಅಂಶವು ಸುಮಾರು ಹತ್ತರಲ್ಲಿ ಏಳು ಪಾಲಿಗೆ ಇಳಿಯುವುದು ನಿಜ. ಆದರೆ ಇಬ್ಬರೂ ಬಿಗಿ ಕೈಯವರಾದರೆ ಸರಾಸರಿಯೂ ಬಿಗಿಯೇ. ಮೊದಲ ಓದಿನ ಗುರುತುಗಳು ಪುಟದ ಅಂಚಿನಲ್ಲಿ ಎರಡನೆಯವರ ಕಣ್ಣಿಗೆ ಬಿದ್ದರಂತೂ ಎರಡನೆಯದು ಸ್ವತಂತ್ರ ಸಾಕ್ಷಿಯಾಗದೆ ನಕಲುಪ್ರತಿಯಾಗಿಬಿಡುತ್ತದೆ.

ಸಾಹಿತ್ಯದ ಉತ್ತರವನ್ನು ಅಳೆಯಲಾಗದು, ಸಹೃದಯನೇ ಪ್ರಮಾಣ ಎಂಬ ವಾದಕ್ಕೆ ಕನ್ನಡದಲ್ಲಿ ಗೌರವದ ಸ್ಥಾನವಿದೆ. ಪಂಪನ ಕರ್ಣನನ್ನು ಕುರಿತು ವಿದ್ಯಾರ್ಥಿಯೊಬ್ಬಳು ತಾನೇ ಕಾವ್ಯವನ್ನೋದಿ ಬರೆದ ಎರಡು ಪುಟಗಳನ್ನೂ, ಮತ್ತೊಬ್ಬನು ನೋಟ್ಸನ್ನು ಉರುಹೊಡೆದು ತುಂಬಿಸಿದ ಎಂಟು ಪುಟಗಳನ್ನೂ ಬೇರ್ಪಡಿಸಬಲ್ಲುದು ಅನುಭವಿ ಓದುಗನ ಕಣ್ಣೇ ಹೊರತು ಸೂತ್ರವಲ್ಲ. ಆದರೆ ಇಲ್ಲಿ ಅಳೆಯಹೊರಟಿರುವುದು ಕಾವ್ಯದ ರಸವನ್ನಲ್ಲ, ಆ ಕಣ್ಣಿನ ಸ್ಥಿರತೆಯನ್ನು. ಬೆಳಗಿನ ಹತ್ತನೆಯ ಉತ್ತರಪತ್ರಿಕೆಯನ್ನೂ ಸಂಜೆಯ ಕೊನೆಯದನ್ನೂ ಅದು ಒಂದೇ ಬಗೆಯಾಗಿ ನೋಡುತ್ತದೆಯೆ? ಅವೇ ಉತ್ತರಪತ್ರಿಕೆಗಳನ್ನು ಇಬ್ಬರಿಗೆ ತಿರುವುಮುರುವು ಕ್ರಮದಲ್ಲಿ ಕೊಟ್ಟು ಇದನ್ನು ತಿಳಿಯಬಹುದು.

ಈ ವಾದದಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಐದು ಓಲೆಪ್ರತಿಗಳು ಒಂದೇ ಪಾಠವನ್ನು ಕೊಟ್ಟರೂ, ಅವೆಲ್ಲ ಒಂದೇ ಮಾತೃಪ್ರತಿಯಿಂದ ಬಂದವಾದರೆ ಅವುಗಳ ಸಾಕ್ಷ್ಯ ಒಂದೇ. ಒಂದೇ ವಿಭಾಗದಲ್ಲಿ ಕಲಿತು, ಒಂದೇ ನೋಟ್ಸಿನಿಂದ ಪಾಠ ಮಾಡಿದ ಇಬ್ಬರು ಆ ಎಂಟು ಪುಟಗಳಿಗೆ 13 ಅಂಕಗಳನ್ನೂ ಎರಡು ಪುಟಗಳಿಗೆ 6 ಅಂಕಗಳನ್ನೂ ಏಕಾಭಿಪ್ರಾಯದಿಂದ ಕೊಡಬಹುದು. ಅಂಕಿಅಂಶಗಳ ದೃಷ್ಟಿಯಿಂದ ಅದು ಆದರ್ಶ ಮೌಲ್ಯಮಾಪನ! ಆದ್ದರಿಂದ ಪ್ರಯೋಗದಲ್ಲಿ ಬೇರೆ ವಿಶ್ವವಿದ್ಯಾಲಯದ ಅಧ್ಯಾಪಕರೂ, ಉತ್ತರದ ಪುಟಗಳ ಎಣಿಕೆಯೂ ಇರಬೇಕು. ಪುಟ ಹೆಚ್ಚಿದಂತೆ ಅಂಕ ಹೆಚ್ಚುತ್ತದೆಯೆಂದು ಕಂಡುಬಂದರೆ ಪರೀಕ್ಷಾ ಮಂಡಳಿಯು ಮೌಲ್ಯಮಾಪಕರನ್ನು ಬಿಟ್ಟು ಪ್ರಶ್ನೆಪತ್ರಿಕೆಯ ಕಡೆಗೆ ನೋಡಬೇಕಾಗುತ್ತದೆ.

ಇಂಥ ಪ್ರಯೋಗದ ಫಲಿತಾಂಶದಲ್ಲಿ ಯಾವ ಮೌಲ್ಯಮಾಪಕರ ಹೆಸರೂ ಹೊರಬೀಳಬಾರದು. ಬಿಗಿ ಕೈಯವರಿಗೆ ನೋಟಿಸು ಹೋಗುವುದೆಂಬ ಭಯ ಹುಟ್ಟಿದರೆ ಎಲ್ಲರೂ ಸರಾಸರಿಯ ಆಸುಪಾಸಿನಲ್ಲಿ ಅಂಕವಿಟ್ಟು ಸುರಕ್ಷಿತರಾಗುತ್ತಾರೆ. ಮೊದಲ ಪ್ರಯತ್ನಕ್ಕೆ ಒಂದೇ ಪತ್ರಿಕೆ, ಮೂವತ್ತು ಉತ್ತರಪತ್ರಿಕೆಗಳು, ಆರು ಮಂದಿ ಮೌಲ್ಯಮಾಪಕರು ಸಾಕು. ಫಲಿತಾಂಶ ಪ್ರಕಟವಾಗಿ, ಮರುಮೌಲ್ಯಮಾಪನದ ಅವಧಿಯೂ ಮುಗಿದ ಬಳಿಕ ಇದನ್ನು ನಡೆಸಿದರೆ ಯಾವ ವಿದ್ಯಾರ್ಥಿಯ ಅಂಕಕ್ಕೂ ಧಕ್ಕೆಯಿಲ್ಲ.