ಅಣ್ಣ ತಮ್ಮ ಇರೋ ಜೈಲಿಗೆ ಮೂರನೆಯವನ್ಯಾಕೆ?

ಹಾಸ್ಟೆಲಲ್ಲಿ ಓದಿದವರಿಗೆಲ್ಲ ಒಂದು ಹಾರ್ಡ್ ಡಿಸ್ಕ್ ನೆನಪಿರುತ್ತೆ. ಯಾವುದೋ ಸೀನಿಯರ್‌ದು, ಯಾರ ಕೈಲೂ ಎರಡು ದಿನಕ್ಕಿಂತ ಹೆಚ್ಚು ನಿಲ್ಲದ್ದು. ಅದರೊಳಗೆ ಲ್ಯಾಬ್ ರೆಕಾರ್ಡು, ಹಳೇ ಪ್ರಶ್ನೆಪತ್ರಿಕೆ, ಆಮೇಲೆ ತಪ್ಪದೇ ಒಂದು ಫೋಲ್ಡರ್: ಪ್ರಿಸನ್ ಬ್ರೇಕ್.

2010ರಲ್ಲಿ ತುಮಕೂರಿನಲ್ಲಿ ಇಂಜಿನಿಯರಿಂಗ್ ಸೇರಿದ ನಾನು ಮೊದಲ ಸೆಮಿಸ್ಟರ್ ರಜೆಗೆ ಅರಸೀಕೆರೆಗೆ ಹೋಗುವಾಗ ಆ ಫೋಲ್ಡರನ್ನು ಪೆನ್ ಡ್ರೈವಿಗೆ ತುಂಬಿಕೊಂಡು ಹೋಗಿದ್ದೆ. ಅಣ್ಣ ಅಂಗಡಿ ಬಾಗಿಲು ಹಾಕಿ ಬಂದು ಊಟ ಮುಗಿಸೋದು ರಾತ್ರಿ ಒಂಬತ್ತಕ್ಕೆ. ಆಮೇಲೆ ಇಬ್ಬರೂ ಕಂಪ್ಯೂಟರ್ ಮುಂದೆ. ಅವನಿಗೆ ಇಂಗ್ಲಿಷ್ ಅಷ್ಟಾಗಿ ಓಡ್ತಿರಲಿಲ್ಲ, ನಾನು ಪಕ್ಕದಲ್ಲಿ ಕೂತು ಹೇಳ್ತಾ ಹೋಗ್ತಿದ್ದೆ. 22 ಕಂತು ಎಂಟು ರಾತ್ರಿಗೆ ಮುಗೀತು.

ನೋಡದೇ ಇರೋರಿಗೆ ಕಥೆ ಎರಡೇ ಮಾತಲ್ಲಿ. ಲಿಂಕನ್ ಬರೋಸ್ ಅನ್ನೋನು ಮಾಡದ ಕೊಲೆಗೆ ಮರಣದಂಡನೆ ಹೊತ್ತು ಫಾಕ್ಸ್ ರಿವರ್ ಜೈಲಲ್ಲಿದ್ದಾನೆ. ಅವನ ತಮ್ಮ ಮೈಕಲ್ ಸ್ಕೋಫೀಲ್ಡ್ ಸ್ಟ್ರಕ್ಚರಲ್ ಇಂಜಿನಿಯರ್. ಬೇಕಂತಲೇ ಬ್ಯಾಂಕಿಗೆ ನುಗ್ಗಿ, ಗುಂಡು ಹಾರಿಸಿ, ಸಿಕ್ಕಿಬಿದ್ದು ಅದೇ ಜೈಲಿಗೆ ಬರ್ತಾನೆ. ಮೈಮೇಲೆ ಹಾಕಿಸಿಕೊಂಡ ಹಚ್ಚೆಯೊಳಗೆ ಜೈಲಿನ ನಕ್ಷೆ ಅಡಗಿದೆ. ಅಣ್ಣನನ್ನು ಹೊರಗೆ ಕರ್ಕೊಂಡು ಹೋಗೋದೇ ಅವನ ಗುರಿ. 2005ರಲ್ಲಿ ಅಮೆರಿಕದ ಫಾಕ್ಸ್ ಚಾನೆಲಿನಲ್ಲಿ ಶುರುವಾಯ್ತು. ಮೈಕಲ್ ಆಗಿ ವೆಂಟ್‌ವರ್ತ್ ಮಿಲ್ಲರ್, ಲಿಂಕನ್ ಆಗಿ ಡೊಮಿನಿಕ್ ಪರ್ಸೆಲ್.

ನಮ್ಮಣ್ಣ ಐಟಿಐ ಫಿಟ್ಟರ್. ಈಗ ಸ್ವಂತ ವೆಲ್ಡಿಂಗ್ ಅಂಗಡಿ. ಮೈಕಲ್ ಮೈದಾನದ ಬೆಂಚಿನಿಂದ ಒಂದು ಬೋಲ್ಟ್ ಕಿತ್ತು ತಂದು, ಅದನ್ನು ಸೆಲ್ಲಿನ ನೆಲಕ್ಕೆ ಉಜ್ಜಿ ಉಜ್ಜಿ ಅಲೆನ್ ಕೀ ಮಾಡ್ಕೋತಾನಲ್ಲ, ಆ ದೃಶ್ಯಕ್ಕೆ ಅಣ್ಣ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದ. "ನಮಗೂ ಮೊದಲ ಆರು ತಿಂಗಳು ಇದೇ ಕಣೋ. ಅರ ಹಾಕು, ಅಳತೆ ನೋಡು, ಮತ್ತೆ ಅರ ಹಾಕು. ಈ ನನ್ಮಗ ಅರವೇ ಇಲ್ದೆ ಮಾಡ್ತಾವ್ನೆ!" ನನಗೆ ಮೈಕಲ್‌ನ ಲೆಕ್ಕಾಚಾರ ಇಷ್ಟ, ಅವನಿಗೆ ಮೈಕಲ್‌ನ ಕೈಕೆಲಸ. ಒಂದೇ ಪಾತ್ರದಲ್ಲಿ ಇಬ್ಬರಿಗೂ ಜಾಗ ಇತ್ತು.

ಆ ವರ್ಷವೇ, 2010ರ ಮಾರ್ಚಲ್ಲಿ, ಇದರ ವಿಡಿಯೋ ಗೇಮ್ ಬಂದಿತ್ತು: 'ಪ್ರಿಸನ್ ಬ್ರೇಕ್: ದಿ ಕಾನ್ಸ್ಪಿರಸಿ'. ನಮ್ಮ ಕಂಪ್ಯೂಟರಿಗೆ ಅದನ್ನು ಎಳೆಯೋ ತಾಕತ್ತು ಇರಲಿಲ್ಲ. "ನೀನು ಕೆಲಸಕ್ಕೆ ಸೇರಿದ ಮೇಲೆ ಆಡೋಣ ಬಿಡು" ಅಂದಿದ್ದ ಅಣ್ಣ.

ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆಯ್ತು, ಆಡಲೇ ಇಲ್ಲ. ಈಚೆಗೆ ಆಫೀಸಿನ ಗೆಳೆಯನೊಬ್ಬ ಮನೆ ಬದಲಾಯಿಸುವಾಗ ತನ್ನ ಹಳೇ ಪ್ಲೇಸ್ಟೇಷನ್ 3 ನನ್ನ ಕೈಗೆ ಕೊಟ್ಟ. ಹಳೇ ಡಿಸ್ಕ್ ಮಾರೋ ಅಂಗಡಿಯಲ್ಲಿ 350 ರೂಪಾಯಿಗೆ ಆ ಗೇಮ್ ಸಿಕ್ತು. ಅದೇ ವಾರ ಅಣ್ಣ ಅಂಗಡಿಗೆ ಸಾಮಾನು ಕೊಳ್ಳೋಕೆ ಎಸ್‌ಜೆಪಿ ರೋಡಿಗೆ ಬರೋನಿದ್ದ. ರಾತ್ರಿ ನಮ್ಮನೇಲೇ ಉಳಿಯೋದು.

ಇಲ್ಲೊಂದು ವಿಷಯ ಹೇಳಲೇಬೇಕು. ನಾವಿಬ್ಬರೂ ಸರಿಯಾಗಿ ಮಾತಾಡಿ ಹತ್ತಿರ ಹತ್ತಿರ ವರ್ಷವಾಗಿತ್ತು. ಜಗಳ ಅಂತೇನೂ ಆಗಿರಲಿಲ್ಲ. ಅಪ್ಪನ ಮಂಡಿ ಆಪರೇಷನ್ ಆದಾಗ ಓಡಾಟವೆಲ್ಲ ಅಣ್ಣಂದು, ದುಡ್ಡು ಅರ್ಧರ್ಧ ಅಂತ ಮಾತಾಗಿತ್ತು. ನಾನು ಮೀಟಿಂಗುಗಳ ನಡುವೆ ಒಂದು ಮೆಸೇಜ್ ಹಾಕಿದೆ: "ಲೆಕ್ಕ ಕಳ್ಸಣ್ಣ, ಎಕ್ಸೆಲ್‌ನಲ್ಲಿ ಹಾಕಿ ಕಳ್ಸು." ರಾತ್ರಿ ಹನ್ನೊಂದಕ್ಕೆ ಅವನಿಂದ 40 ಫೋಟೋ ಬಂತು. ಔಷಧಿ ಬಿಲ್ಲು, ಆಟೋ ಖರ್ಚು ಬರೆದ ಚೀಟಿ, ಕೊನೆಗೆ ಕ್ಯಾಂಟೀನಿನ ಎರಡು ಟೀ ಬಿಲ್ಲು ಕೂಡ. ಅವತ್ತಿಂದ ಫೋನ್ ಮಾಡಿದರೆ "ಹೂಂ", "ಆಯ್ತು", "ಅಮ್ಮಂಗೆ ಕೊಡ್ತೀನಿ ಇರು". ಅಷ್ಟೇ.

ಹಾಗಾಗಿ ಈ ಗೇಮಿನ ಮೇಲೆ ನಾನು ಸ್ವಲ್ಪ ಜಾಸ್ತಿಯೇ ಭಾರ ಹಾಕಿಬಿಟ್ಟಿದ್ದೆ.

ಊಟ ಆಯ್ತು. ಡಿಸ್ಕ್ ಹಾಕಿದೆ. ಮೊದಲ ಹತ್ತು ನಿಮಿಷ ಇಬ್ಬರೂ ಖುಷಿಯಾಗಿದ್ವಿ. ಅದೇ ಫಾಕ್ಸ್ ರಿವರ್, ಅದೇ ಅಂಗಳ, ಅವೇ ಮುಖಗಳು. ಮೈಕಲ್‌ಗೂ ಲಿಂಕನ್‌ಗೂ ಅವೇ ನಟರ ದನಿ. ಆಮೇಲೆ ಅಣ್ಣ ಕೇಳಿದ, "ಇವನ್ಯಾರೋ?"

ನಾವು ಆಡ್ತಿದ್ದ ಪಾತ್ರದ ಹೆಸರು ಟಾಮ್ ಪ್ಯಾಕ್ಸ್ಟನ್. ಸೀರಿಯಲ್ಲಿನಲ್ಲಿ ಇವನು ಇಲ್ಲವೇ ಇಲ್ಲ. ಲಿಂಕನ್‌ನನ್ನು ಸಿಕ್ಕಿಸಿಹಾಕಿದ 'ಕಂಪನಿ' ಅನ್ನೋ ಗುಪ್ತಕೂಟ ಇದೆಯಲ್ಲ, ಅದರ ಏಜೆಂಟ್. ಮೈಕಲ್ ಯಾಕೆ ಜೈಲಿಗೆ ಬಂದ ಅಂತ ಪತ್ತೆ ಮಾಡೋಕೆ ಕೈದಿ ವೇಷದಲ್ಲಿ ಒಳಗೆ ಬಂದಿದ್ದಾನೆ. ಅಂದರೆ ನಾವು ಮೈಕಲ್ ಅಲ್ಲ, ಲಿಂಕನ್ನೂ ಅಲ್ಲ, ಅವರ ಮೇಲೆ ಕಣ್ಣಿಡೋನು. ಮೈಕಲ್‌ನ ಗುಟ್ಟು ಟಾಮ್‌ಗೆ ಗೊತ್ತಿಲ್ಲ, ಆದರೆ ಕೈಲಿ ಕಂಟ್ರೋಲರ್ ಹಿಡಿದಿರೋ ನಮಗೆ ಕಂತು ಕಂತೂ ಗೊತ್ತು. ಸೀರಿಯಲ್ ನೋಡಿದೋರಿಗೆ ಕುತೂಹಲ ಇಲ್ಲ, ನೋಡದೋರಿಗೆ ತಲೆಬುಡ ತಿಳಿಯಲ್ಲ.

ಹೋಗಲಿ, ಆಟವಾದರೂ ಏನು? ಕಾವಲುಗಾರನ ಕಣ್ಣು ತಪ್ಪಿಸಿ ಬಗ್ಗಿಕೊಂಡು ಹೋಗೋದು. ಆ ಕೈದಿಗೆ ಇದು ತಂದುಕೊಡು, ಈ ಕೈದಿಗೆ ಅದು ತಂದುಕೊಡು. ನಡುನಡುವೆ ಪರದೆ ಮೇಲೆ ಕಂಡ ಬಟನ್ ಒತ್ತು. ಗುದ್ದಾಡು, ವೇಯ್ಟ್ ಎತ್ತು. ದುಡ್ಡು ಸೇರಿದರೆ ಹಚ್ಚೆ ಹಾಕಿಸಿಕೋಬಹುದು. ಇದನ್ನು ಕೇಳಿ ನನಗೆ ಬೇಜಾರೇ ಆಯ್ತು. ಮೈಕಲ್‌ನ ಹಚ್ಚೆ ಅಂದ್ರೆ ತಿಂಗಳುಗಟ್ಟಲೆ ಯೋಚನೆ, ಒಂದೊಂದು ಗೆರೆಗೂ ಒಂದು ಅರ್ಥ. ಇಲ್ಲಿ ಹಚ್ಚೆ ಬರೀ ಅಲಂಕಾರ.

ಸಿಕ್ಕಿಬಿದ್ದರೆ? ಸ್ವಲ್ಪ ಹಿಂದಿನಿಂದ ಮತ್ತೆ ಶುರು. ಅದೇ ಕಾವಲುಗಾರ, ಅದೇ ದಾರಿ, ಅದೇ ನಡಿಗೆ. ಒಂದು ಕಡೆ ನಾನು ಐದು ಸಲ ಸಿಕ್ಕಿಬಿದ್ದೆ. ಆರನೇ ಸಲಕ್ಕೆ ಅಣ್ಣ ಆಕಳಿಸಿದ.

ಆಗ ನನಗೆ ಹೊಳೀತು, ಎಡವಟ್ಟಾಗಿರೋದು ಇಲ್ಲೇ ಅಂತ. ಸೀರಿಯಲ್ಲಿನಲ್ಲೂ ಮೈಕಲ್ ಸೋಲ್ತಾನೆ. ಕಂತಿಗೊಂದು ಸಲ ಸೋಲ್ತಾನೆ. ಮೊದಲ ಸಲ ಎಲ್ಲರನ್ನೂ ಕಟ್ಟಿಕೊಂಡು ಹೊರಟಾಗ, ತುಕ್ಕು ಹಿಡಿದ ಹಳೇ ಪೈಪ್ ಇರಬೇಕಾದ ಕಡೆ ಹೊಸ ಗಟ್ಟಿ ಪೈಪ್ ಕೂರಿಸಿಬಿಟ್ಟಿರ್ತಾರೆ. ಅಷ್ಟೂ ಜನ ವಾಪಸ್. ಆ ಕಂತು ನೋಡಿ ನಮಗೆ ನಿದ್ದೆ ಬಂದಿರಲಿಲ್ಲ. ಯಾಕಂದ್ರೆ ಅಲ್ಲಿ ಸೋತರೆ ಇನ್ನೊಂದು ಯೋಚನೆ ಹುಟ್ಟಬೇಕು, ಅಷ್ಟರಲ್ಲಿ ಲಿಂಕನ್‌ನ ದಿನ ಹತ್ತಿರ ಬರ್ತಿರುತ್ತೆ. ಗೇಮಲ್ಲಿ ಸೋತರೆ ಏನೂ ಬದಲಾಗಲ್ಲ, ಅದೇ ಎರಡು ನಿಮಿಷ ಮತ್ತೆ ಬರುತ್ತೆ. ತಲೆ ಓಡಿಸಿ ಆಡಬೇಕಾದ ಕಥೆಯನ್ನು ಕಾಲು ಸವೆಸಿ ಆಡೋ ಹಾಗೆ ಮಾಡಿದ್ದಾರೆ.

ಮಾಡಿದೋರನ್ನು ಪೂರ್ತಿ ಬೈಯೋಕೂ ಮನಸ್ಸು ಬರಲ್ಲ. ಗೇಮ್ ಕಟ್ಟಿದ್ದು ಸ್ಲೊವೇನಿಯಾ ದೇಶದ ಝೂಟ್‌ಫ್ಲೈ ಅನ್ನೋ ತಂಡ. ಮೊದಲು ಪ್ರಕಟಿಸಬೇಕಿದ್ದ ಬ್ರಾಷ್ ಅನ್ನೋ ಕಂಪನಿ 2008ರಲ್ಲೇ ಬಾಗಿಲು ಹಾಕ್ತು. ಆಮೇಲೆ ಡೀಪ್ ಸಿಲ್ವರ್ ಕೈಗೆತ್ತಿಕೊಂಡು ಹೊರತರೋ ಹೊತ್ತಿಗೆ ಸೀರಿಯಲ್ಲೇ ಮುಗಿದು ತಿಂಗಳುಗಳಾಗಿತ್ತು. ಇನ್ನು ಕಥೆ ಮುಟ್ಟೋ ಹಾಗಿಲ್ಲ. ಮೈಕಲ್ ತಪ್ಪಿಸಿಕೊಳ್ಳಲೇಬೇಕು, ಯಾವಾಗ, ಹೇಗೆ ಅನ್ನೋದೂ ಮೊದಲೇ ನಿಗದಿ. ಆಡೋನಿಗೆ ಬಿಟ್ಟುಕೊಡೋಕೆ ಏನೂ ಉಳಿದಿಲ್ಲ. ಅದಕ್ಕೇ ಯಾವುದನ್ನೂ ಬದಲಾಯಿಸಲಾಗದ ಒಬ್ಬ ಮೂರನೆಯವನನ್ನು ತಂದಿದ್ದಾರೆ. ಕಷ್ಟ ಅರ್ಥವಾಗುತ್ತೆ. ಆದರೆ ನಮಗೆ ಬೇಕಾಗಿದ್ದು ಆ ಜೈಲಿನ ಗೋಡೆಗಳಲ್ಲ, ಆ ಅಣ್ಣ ತಮ್ಮ.

"ಇಬ್ಬರು ಆಡೋದು ಏನೂ ಇಲ್ವೇನೋ?" ಅಂದ ಅಣ್ಣ. ಹುಡುಕಿದೆ. ಇತ್ತು. ವರ್ಸಸ್ ಮೋಡ್. ಅಂದ್ರೆ ಇಬ್ಬರೂ ಒಬ್ಬೊಬ್ಬ ಕೈದಿಯಾಗಿ ಎದುರುಬದುರು ನಿಂತು ಗುದ್ದಾಡೋದು. ಅಣ್ಣನಿಗಾಗಿ ತಮ್ಮ ಜೈಲಿಗೆ ಬರೋ ಕಥೆ ಇಟ್ಟುಕೊಂಡು, ಇಬ್ಬರು ಕೂತರೆ ಆಡೋಕೆ ಕೊಟ್ಟಿದ್ದು ಇದು.

ಆಡಿದ್ವಿ. ಅಣ್ಣ ಯಾವ ಬಟನ್ ಏನು ಅಂತ ನೋಡದೇ ಎಲ್ಲವನ್ನೂ ಒಟ್ಟಿಗೆ ಒತ್ತಿ ನನ್ನನ್ನು ಮೂರು ಸಲ ಮಲಗಿಸಿದ. ಮೂರನೇ ಸಲ ನಾನು ಬಿದ್ದಾಗ ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಕಂಟ್ರೋಲರ್ ಕೆಳಗಿಟ್ಟು ಹೇಳಿದ: "ಅಣ್ಣ ತಮ್ಮ ಇರೋ ಜೈಲಿಗೆ ಈ ಮೂರನೆಯವನ್ಯಾಕೋ ಬೇಕಿತ್ತು?"

ಇಷ್ಟು ಚಿಕ್ಕದಾಗಿ ಈ ಗೇಮಿನ ವಿಮರ್ಶೆ ಬರೆಯೋಕೆ ನನಗಾಗಲ್ಲ.

ಮೊದಲ ಸೀಸನ್ನಿನಲ್ಲಿ ಹಿಂದಿನ ಕಥೆ ಹೇಳೋ ಒಂದು ಕಂತಿದೆ. ಮೈಕಲ್‌ನ ಓದಿಗೆ ಸಿಕ್ಕ 90 ಸಾವಿರ ಡಾಲರ್ ಅಮ್ಮನ ವಿಮೆ ಹಣ ಅಂತ ಅವನು ನಂಬಿರ್ತಾನೆ. ಅದು ಲಿಂಕನ್ ಮಾಡಿದ ಸಾಲ. ಆ ಸಾಲವೇ ಅವನನ್ನು ಬಲೆಗೆ ಬೀಳಿಸುತ್ತೆ. ತಮ್ಮನಿಗೆ ಅದು ತಿಳಿಯೋದು ಆಮೇಲೆ. 2010ರ ಆ ರಜೆಯಲ್ಲಿ ಈ ಕಂತು ನಡೀತಿರುವಾಗ ಅಣ್ಣ "ನೀರು ಕುಡಿದು ಬರ್ತೀನಿ" ಅಂತ ಎದ್ದು ಹೋಗಿದ್ದ. ಮುಗಿಯೋವರೆಗೂ ಬರಲಿಲ್ಲ. ಅವನ ಹೀರೋ ಹೊಂಡಾ ಆಗ ಮನೆ ಮುಂದೆ ಇರಲಿಲ್ಲ. "ಮೆಕ್ಯಾನಿಕ್ ಹತ್ರ ಬಿಟ್ಟಿದೀನಿ" ಅಂದಿದ್ದ. ಅದನ್ನು ಮಾರಿ ನನ್ನ ಫೀಸು ಕಟ್ಟಿದ್ದು ಅಂತ ಅಮ್ಮ ಬಾಯ್ಬಿಟ್ಟಿದ್ದು ನನಗೆ ಕೆಲಸ ಸಿಕ್ಕಿದ ಮೇಲೆ. ಆ ಬೈಕಿನ ಲೆಕ್ಕವನ್ನು ಅವನು ಯಾವತ್ತೂ ನನಗೆ ಕಳಿಸಿಲ್ಲ.

ಟಿವಿ ಆರಿಸಿದೆ. "ಅಣ್ಣ, ಅವತ್ತು ನಾನು ಲೆಕ್ಕ ಕೇಳಬಾರದಿತ್ತು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೇಳಿದ್ದು ತಪ್ಪಲ್ಲ ಕಣೋ. ದುಡ್ಡು ಕೊಟ್ಟೋನು ಕೇಳ್ತಾನೆ. ಎಕ್ಸೆಲ್‌ನಲ್ಲಿ ಕಳ್ಸು ಅಂದ್ಯಲ್ಲ... ನಂಗೆಲ್ಲೋ ಎಕ್ಸೆಲ್ ಬರುತ್ತೆ? ಆಸ್ಪತ್ರೆ ಬೆಂಚ್ ಮೇಲೆ ಕೂತ್ಕೊಂಡು, ಪಕ್ಕದಲ್ಲಿದ್ದ ಹುಡುಗನ್ನ ಕೇಳ್ದೆ, ಹೆಂಗಪ್ಪಾ ಮಾಡೋದು ಅಂತ. ಆಮೇಲೆ ಸಿಟ್ಟು ಬಂತು. ಫೋಟೋ ಹೊಡ್ದು ಹಾಕ್ದೆ."

ನಾನು ವರ್ಷವಿಡೀ ದುಡ್ಡಿನ ವಿಷಯಕ್ಕೆ ಮುನಿಸು ಅಂದುಕೊಂಡಿದ್ದೆ. ಅದು ದುಡ್ಡಿನದಾಗಿರಲಿಲ್ಲ. ಆಫೀಸಲ್ಲಿ ನನ್ನ ಟೀಮಿಗೆ ಹೇಳೋ ದನಿಯಲ್ಲೇ ಅಣ್ಣನಿಗೂ ಹೇಳಿದ್ದೆ. ಆ ರಾತ್ರಿ ಎರಡು ಗಂಟೆವರೆಗೂ ಮಾತಾಡಿದ್ವಿ. ಅಪ್ಪನ ಮಂಡಿ, ಅಂಗಡಿ ಬಾಡಿಗೆ, ಮೈಕಲ್, ಆ ಜೈಲು ಅಧಿಕಾರಿ ಹೆಂಡತಿಗೆ ಅಂತ ಕಟ್ಟಿಸಿದ ತಾಜ್‌ಮಹಲ್ ಮಾದರಿ, ಎಲ್ಲ ಬಂತು.

ಇಷ್ಟು ಓದಿದ ಮೇಲೆ ನೀವು ಕೇಳ್ತೀರಿ, ಹಾಗಾದ್ರೆ ಆ ಗೇಮ್ ಕೊಳ್ಳಬಹುದಾ? ಬೇಡ. ಸೀರಿಯಲ್ಲಿನ ಮೊದಲ ಸೀಸನ್ ಮತ್ತೊಮ್ಮೆ ನೋಡಿ. ಜೈಲು ಒಡೆಯೋ ಆಟವೇ ಬೇಕು ಅಂದ್ರೆ 2015ರಲ್ಲಿ ಬಂದ 'ದಿ ಎಸ್ಕೇಪಿಸ್ಟ್ಸ್' ಆಡಿ, ಫೋನಿಗೂ ಇದೆ. ಕ್ರಿಸ್ ಡೇವಿಸ್ ಅನ್ನೋ ಬ್ರಿಟಿಷ್ ಡೆವಲಪರ್ ಶುರುಮಾಡಿದ್ದು. ಚೌಕ ಚೌಕ ಬೊಂಬೆಗಳು, ಯಾವ ಸ್ಟಾರ್ ದನಿಯೂ ಇಲ್ಲ. ಬೆಳಗ್ಗೆ ಹಾಜರಿ, ಊಟ, ಕೆಲಸ. ಇದರ ಸಂದಿಯಲ್ಲಿ ಸಾಮಾನು ಕದ್ದು, ಉಪಕರಣ ಮಾಡಿಕೊಂಡು, ದಾರಿ ನೀವೇ ಹುಡುಕಬೇಕು. ಸಿಕ್ಕಿಬಿದ್ದರೆ ಕೂಡಿಟ್ಟಿದ್ದೆಲ್ಲ ಹೋಯ್ತು, ಹೊಸ ಯೋಚನೆ ಮಾಡಿ. ಪ್ರಿಸನ್ ಬ್ರೇಕ್ ಹೆಸರಿಲ್ಲದ ಪ್ರಿಸನ್ ಬ್ರೇಕ್ ಅದು. 2017ರಲ್ಲಿ ಬಂದ ಎರಡನೇ ಭಾಗವನ್ನು ಜೊತೆಗೂಡಿ ಆಡಬಹುದು.

ಬೆಳಗ್ಗೆ ಅಣ್ಣನನ್ನು ರೈಲು ಹತ್ತಿಸೋಕೆ ಹೋಗಿದ್ದೆ. ಕಿಟಕಿ ಪಕ್ಕ ಕೂತು ಕೇಳಿದ, "ಆ ಇಬ್ಬರು ಆಡೋ ಗೇಮ್ ಎಷ್ಟೋ?" ಹೇಳಿದೆ.

"ತಗೋ. ದಸರಾಕ್ಕೆ ಬಾ, ಆಡೋಣ. ಅರ್ಧ ನಾನು ಕೊಡ್ತೀನಿ" ಅಂದ. ರೈಲು ಹೊರಡುವಾಗ ಕಿಟಕಿಯಿಂದ ಕೂಗಿದ: "ಲೆಕ್ಕ ಬಾಯಲ್ಲೇ ಹೇಳು, ಆಯ್ತಾ!"