ಹೌದು, ಜಾಲಿ ಟ್ರಿಪ್ಪೇ. ಏನೀಗ?



ಹೋದ ಭಾನುವಾರ ನಮ್ಮ ಕೇರಿಯ ಮಕ್ಕಳು, ತಾಯಂದಿರು, ನಾವು ನಾಲ್ಕೈದು ಜನ ಕಾರ್ಯಕರ್ತರು, ಒಟ್ಟು 32 ಜನ ಮೈಸೂರಿಂದ ಹೊರಟು ಕೊಳ್ಳೇಗಾಲ, ಭರಚುಕ್ಕಿ ನೋಡಿಕೊಂಡು ಬಂದ್ವಿ. ಸೋಮವಾರ ಆಫೀಸಲ್ಲಿ ಟೀ ಹೊತ್ತಿಗೆ ಒಬ್ಬರು, "ಏನ್ ಸಾರ್, ಹೋರಾಟ ಬಿಟ್ಟು ಜಾಲಿ ಟ್ರಿಪ್ಪಾ?" ಅಂದ್ರು. ವರ್ಷಾ ವರ್ಷ ಊಟಿ, ಕೊಡೈಕೆನಾಲ್ ಸುತ್ತಿ ಬರೋ ಮನುಷ್ಯ. ಅವರನ್ನ ಯಾರೂ ಯಾಕೆ ಹೋದ್ರಿ ಅಂತ ಕೇಳಿಲ್ಲ. ಅದು ಬಿಡಿ. ಸಂಜೆ ನಮ್ಮವರೇ ಒಬ್ಬ ಹಿರಿಯರು ಫೋನ್ ಮಾಡಿ, "ಆ ದುಡ್ಡಲ್ಲಿ ಒಂದು ವಿಚಾರ ಸಂಕಿರಣ ಮಾಡಬಹುದಿತ್ತಲ್ಲಪ್ಪಾ" ಅಂದ್ರು. ಇಬ್ಬರಿಗೂ ಸೇರಿಸಿ ಉತ್ತರ ಬರೀತಿದೀನಿ.

ಹೌದು, ಮಜಾ ಮಾಡೋಕೇ ಹೋಗಿದ್ದು. ಬೇಸಿಗೆ ರಜೆ ಅಂದ್ರೆ ನಮ್ಮ ಮಕ್ಕಳಿಗೆ ಸಮ್ಮರ್ ಕ್ಯಾಂಪ್ ಅಲ್ಲ, ಅಪ್ಪ ಅಮ್ಮನ ಜೊತೆ ಕೂಲಿ. ಬಸ್ಸಲ್ಲಿದ್ದ ಅರ್ಧಕ್ಕರ್ಧ ಮಕ್ಕಳು ಅಲ್ಲಿವರೆಗೂ ಜಲಪಾತವನ್ನ ಮೊಬೈಲಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ.

ಮಧ್ಯಾಹ್ನ ಒಂದು ಮೆಸ್ಸಲ್ಲಿ ಊಟಕ್ಕೆ ಮೊದಲೇ ಹೇಳಿದ್ವಿ. ಬಸ್ಸಿನ ಮುಂದೆ ಬಾಬಾಸಾಹೇಬರ ಫೋಟೋ ನೋಡಿದ ಮಾಲೀಕರು "ನೀವು ಯಾವ ಕಡೆಯೋರು?" ಅಂತ ಕೇಳಿ, ನಮಗೆ ಹಿಂದುಗಡೆ ಶೀಟಿನ ಕೆಳಗೆ ಪೇಪರ್ ತಟ್ಟೆ ಹಾಕಿಸಿದ್ರು. ಒಳಗೆ ಕೂತೋರಿಗೆ ಸ್ಟೀಲ್ ತಟ್ಟೆ. ಏಳು ವರ್ಷದ ಹುಡುಗಿ, "ಮಾಮ, ನಮಗ್ಯಾಕೆ ಬೇರೆ?" ಅಂದಳು. ಎದ್ದು ಬಂದ್ವಿ. ಬಾಳೆಹಣ್ಣು, ಬನ್ನು ತಗೊಂಡು ಮರದ ಕೆಳಗೆ ತಿಂದ್ವಿ. ಈಗ ಹೇಳಿ ಹಿರಿಯರೇ, ಆ ಪ್ರಶ್ನೆಗಿಂತ ದೊಡ್ಡ ವಿಚಾರ ಸಂಕಿರಣ ಯಾವುದು?

ಸಂವಿಧಾನದ 15(2)ನೇ ವಿಧಿ ಒಂದ್ಸಲ ತೆಗೆದು ಓದಿ. ಜಾತಿ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ ಅಲ್ಲಿರೋ ಪಟ್ಟಿಯಲ್ಲಿ ಬಾವಿ, ಕೆರೆ, ರಸ್ತೆ ಮಾತ್ರ ಇಲ್ಲ. ಹೋಟೆಲ್ ಇದೆ, ಸ್ನಾನಘಟ್ಟ ಇದೆ, ಸಾರ್ವಜನಿಕ ಮನರಂಜನೆಯ ಸ್ಥಳವೂ ಇದೆ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ ಬಾಬಾಸಾಹೇಬರಿಗೆ, ನಮ್ಮ ಜನಕ್ಕೆ ಕುಡಿಯೋ ನೀರಷ್ಟೇ ಅಲ್ಲ, ಆಡೋ ನೀರೂ ಬೇಕು ಅಂತ ಗೊತ್ತಿತ್ತು. ನಾವೇ ಮರೆತಿದೀವಿ. ದಲಿತ ಅಂದ್ರೆ ಸದಾ ಅಳ್ತಾ ಇರಬೇಕು, ಇಲ್ಲಾ ಘೋಷಣೆ ಕೂಗ್ತಾ ಇರಬೇಕು ಅನ್ನೋ ಚೌಕಟ್ಟಿಗೆ ನಾವೇ ಒಗ್ಗಿಬಿಟ್ಟಿದೀವಿ.

ಬೇಸಿಗೆಯಾದ್ದರಿಂದ ಭರಚುಕ್ಕಿಯಲ್ಲಿ ನೀರು ಕಮ್ಮಿ. ಬಂಡೆ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಗೆರೆ. ಮಕ್ಕಳಿಗೆ ಅಷ್ಟೇ ಸಾಕಾಯ್ತು. ಜೊತೆಗಿದ್ದ ಕೆಜಿಎಫ್ ಕಡೆಯ ಗೆಳೆಯ ಮಾತ್ರ ಸುಮ್ಮನೆ ನಿಂತಿದ್ದ. ಅವರ ತಾತ, ಅಪ್ಪ ಇಬ್ಬರೂ ಗಣಿ ಕಾರ್ಮಿಕರು. 1902ರಲ್ಲಿ ಇದೇ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿಗೆ ಬೀದಿ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ವಿದ್ಯುತ್ ಕೇಂದ್ರಕ್ಕೆ ದಿವಾನ್ ಶೇಷಾದ್ರಿ ಅಯ್ಯರ್ ಹೆಸರಿದೆ. ಗಣಿಯೊಳಗೆ ಇಳಿದವರಲ್ಲಿ ಬಹುಪಾಲು ದಲಿತರು, ಅವರ ಹೆಸರು ಎಲ್ಲಿದೆ? "ಈ ನೀರಿಗೆ ನಮ್ಮನೆಯೋರ ಪರಿಚಯ ಇದೆ ಕಣೋ, ನೋಡೋಕೆ ಬಂದಿದ್ದು ಮಾತ್ರ ನಾನೇ ಮೊದಲು" ಅಂದ.

ಇನ್ನೊಂದು ಹೇಳಲೇಬೇಕು. ನಮ್ಮ ಜೊತೆ ಬಂದಿದ್ದ ಪೌರಕಾರ್ಮಿಕ ಅಕ್ಕ ನೀರಿನ ಪಕ್ಕ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನ ತನ್ನಷ್ಟಕ್ಕೆ ಆಯೋಕೆ ಶುರು ಮಾಡಿದ್ರು. ಕೈ ಹಿಡಿದು ನಿಲ್ಲಿಸಿದೆ. "ಅಕ್ಕಾ, ಇವತ್ತು ನೀವು ಟೂರಿಸ್ಟು." ಅವರು ನಕ್ಕರು, ಕಾಲು ನೀರಲ್ಲಿ ಬಿಟ್ಟು ಕೂತ್ರು. ಒಂದು ಗಂಟೆ ಏಳಲಿಲ್ಲ. ಆ ಒಂದು ಗಂಟೆಗೆ ನಾನು ಯಾರಿಗೂ ಲೆಕ್ಕ ಕೊಡಲ್ಲ.

ಮೆಸ್ಸಿನ ವಿಚಾರ ಬಿಟ್ಟಿಲ್ಲ. ದೂರು ಬರೆದಾಗಿದೆ, ಎಲ್ಲರ ಸಹಿ ಆಗಿದೆ. ಹೋರಾಟವೂ ಇರುತ್ತೆ, ಟ್ರಿಪ್ಪೂ ಇರುತ್ತೆ. ನೀವೂ ನಿಮ್ಮ ಕೇರಿ ಮಕ್ಕಳನ್ನ ವರ್ಷಕ್ಕೆ ಒಂದು ದಿನ ಕರಕೊಂಡು ಹೋಗಿ. ಮುಂದಿನ ಬೇಸಿಗೆಗೆ ನಾವು ಎರಡು ಬಸ್ಸು ಮಾಡ್ತೀವಿ.

ಜೈ ಭೀಮ್.