ಮಗು ಮನೆಗೆ ಬಂದ ದಿನದಿಂದಲೇ ವಿಮೆ ಸಿಗಲಿ

ಉಡುಪಿ ಜಿಲ್ಲೆಯ ನಂದಿಕೂರಿನ ದಂಪತಿಯೊಬ್ಬರು ದತ್ತು ಪ್ರಾಧಿಕಾರ ‘ಕಾರಾ’ದಲ್ಲಿ ನೋಂದಾಯಿಸಿ, ವರ್ಷಗಟ್ಟಲೆ ಕಾದು, ಕೊನೆಗೂ ಮಗುವನ್ನು ಮನೆಗೆ ಕರೆತಂದರು ಎಂದಿಟ್ಟುಕೊಳ್ಳಿ. ಅದೇ ವಾರ ಮಗುವಿಗೆ ನ್ಯುಮೋನಿಯಾ ಆಗಿ ಮಣಿಪಾಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಅಪ್ಪನ ಆರೋಗ್ಯ ವಿಮೆ ನೆರವಿಗೆ ಬರುತ್ತದೆಯೇ? ಬಹಳಷ್ಟು ಸಲ ಬರುವುದಿಲ್ಲ.

ಕಾನೂನಿನಲ್ಲಿ ಭೇದವಿಲ್ಲ. ದತ್ತು ಆದೇಶ ಜಾರಿಯಾದಂದಿನಿಂದ ಮಗು ಎಲ್ಲ ವಿಷಯದಲ್ಲೂ ಆ ತಂದೆತಾಯಿಯದೇ ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 63ನೇ ಕಲಂ. ತೊಡಕಿರುವುದು ಆದೇಶಕ್ಕೆ ಮುಂಚಿನ ದಿನಗಳಲ್ಲಿ. ದತ್ತುಪೂರ್ವ ಪೋಷಕತ್ವದ ಹೆಸರಿನಲ್ಲಿ ಮಗು ಮೊದಲೇ ಮನೆ ಸೇರಿರುತ್ತದೆ. 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗಳೇ ಕೊಡುವ ಆದೇಶಕ್ಕೆ ಕಾಯ್ದೆ ಇಟ್ಟಿರುವ ಗಡುವು ಎರಡು ತಿಂಗಳು. ‘ಕಾನೂನುಬದ್ಧವಾಗಿ ದತ್ತು ಪಡೆದ ಮಗು’ ಎಂದು ಬರೆದುಕೊಂಡಿರುವ ಪಾಲಿಸಿಗೆ ಅಲ್ಲಿಯವರೆಗೆ ಈ ಮಗು ಲೆಕ್ಕಕ್ಕಿಲ್ಲ. ಹೆರಿಗೆ ಸೌಲಭ್ಯವಿರುವ ಎಷ್ಟೋ ಪಾಲಿಸಿಗಳು ಹಡೆದ ಮಗುವನ್ನು ಮೊದಲ ದಿನದಿಂದಲೇ ಒಳಗೊಳ್ಳುತ್ತವೆ. ದತ್ತು ಮಗುವಿಗೇಕೆ ಕಾಯುವ ಶಿಕ್ಷೆ?

ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿಯ ಷರತ್ತು ಇನ್ನೂ ಕಠಿಣ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಈ ಕಾಯುವಿಕೆಯ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಆದರೂ ಹೃದಯದಲ್ಲಿ ರಂಧ್ರವಿರುವ ಕೂಸಿಗೆ ಮೂರು ವರ್ಷ ಸಣ್ಣ ಅವಧಿಯಲ್ಲ. ಇಂಥ ಮಕ್ಕಳನ್ನು ಮಡಿಲಿಗೆ ಹಾಕಿಕೊಳ್ಳಲು ಮುಂದೆ ಬರುವವರೇ ಕಡಿಮೆ. ಬಂದವರ ಮೇಲೂ ಶಸ್ತ್ರಚಿಕಿತ್ಸೆಯ ಖರ್ಚು ಹೇರುವುದು ಅನ್ಯಾಯ.

ಸರ್ಕಾರಿ ವ್ಯವಸ್ಥೆ ಇದಕ್ಕಿಂತ ಉದಾರವಾಗಿದೆ. ಇಎಸ್‌ಐ ಯೋಜನೆ ‘ಕುಟುಂಬ’ದ ವ್ಯಾಖ್ಯೆಯಲ್ಲೇ ದತ್ತು ಮಗುವನ್ನು ಹೆಸರಿಸುತ್ತದೆ; 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಖಾನೆ ಕಾರ್ಮಿಕರಿಗೆ ಇದು ದೊಡ್ಡ ಆಸರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಹಳೆಯ ಕಾಯಿಲೆಯೆಂಬ ತಕರಾರಿಲ್ಲ. ಆದರೆ ಅದಕ್ಕೆ ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಬೇಕು.

ಆಗಬೇಕಾದದ್ದು ಕಷ್ಟದ ಕೆಲಸವೇನಲ್ಲ. ದತ್ತುಪೂರ್ವ ಪೋಷಕತ್ವದ ಪತ್ರವನ್ನೇ ದಾಖಲೆಯೆಂದು ಒಪ್ಪುವಂತೆ, ದತ್ತು ಮಕ್ಕಳಿಗೆ ಕಾಯುವ ಅವಧಿ ಕೈಬಿಡುವಂತೆ ವಿಮಾ ನಿಯಂತ್ರಣ ಪ್ರಾಧಿಕಾರವು ಕಂಪನಿಗಳಿಗೆ ಆದೇಶಿಸಲಿ. ದತ್ತು ಆದೇಶಕ್ಕೆ ಸಹಿಯಾದ ಕೂಡಲೇ ಪಡಿತರ ಚೀಟಿಗೆ ಹೆಸರು ಸೇರುವ ಏರ್ಪಾಡನ್ನು ಉಡುಪಿ ಜಿಲ್ಲಾಡಳಿತವೇ ಮೊದಲು ಮಾಡಿ ತೋರಿಸಲಿ. ದತ್ತಿಗೆ ಕಾಯುತ್ತಿರುವವರು ಮಗು ಬರುವ ಮೊದಲೇ ವಿಮಾ ಕಂಪನಿಗೆ ಪತ್ರ ಬರೆದು, ಯಾವ ದಿನದಿಂದ ರಕ್ಷಣೆ ಎಂಬುದಕ್ಕೆ ಲಿಖಿತ ಉತ್ತರ ಪಡೆಯಲಿ. ಬಾಯಿಮಾತಿನ ಭರವಸೆ ಆಸ್ಪತ್ರೆಯ ಕೌಂಟರಿನಲ್ಲಿ ನಡೆಯುವುದಿಲ್ಲ.